ಜೋಳ ತುಂಬಿದ ಬಾಡಿ

ಅಕ್ಕನ ತುಟಿಗಳ ನಡುವೆ ಯಾವಾಗಲೂ ಒಂದು ಹುಕ್ಕು ಇರುತ್ತಿತ್ತು. ಎಲೆಅಡಿಕೆಯಿಂದ ಕೆಂಪಾದ ತುಟಿ, ಅದರ ಸಂದಿಯಲ್ಲಿ ಮಿಣುಕುವ ತಂತಿಯ ತುದಿ. ಅದನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು, ನಗುತ್ತಿದ್ದರು, ನಲ್ಲಿಯ ಹತ್ತಿರ ಜಗಳವನ್ನೂ ಆಡುತ್ತಿದ್ದರು. ಎಲ್ಲಿ ನುಂಗಿಬಿಡುತ್ತಾರೋ ಎಂದು ಮೊದಮೊದಲು ನನಗೆ ಭಯವಾಗುತ್ತಿತ್ತು.

ಹೊಸ ತಿಪ್ಪಸಂದ್ರದ ವಠಾರವೊಂದರಲ್ಲಿ ನಮ್ಮದು ಅಕ್ಕಪಕ್ಕದ ರೂಮು. ಅಕ್ಕ ಯಾದಗಿರಿ ಕಡೆಯವರು. ಅವರ ಯಜಮಾನರು ಗಾರೆ ಕೆಲಸದವರು; ಅಕ್ಕ ಜೀವನ್ ಬಿಮಾ ನಗರದ ಮನೆಗಳಲ್ಲಿ ಪಾತ್ರೆ ತಿಕ್ಕಿ ನೆಲ ಒರೆಸಿ ಬರುತ್ತಿದ್ದರು. ನಾನು ಮಾಲೂರು ಕಡೆಯವಳು, ಮಾರ್ಕೆಟ್ ರಸ್ತೆಯ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವಳು. ಅಲ್ಲಿ ಗಿರಾಕಿಗಳಿಗೆ ಸ್ಟೂಲು ಇದೆ, ನಮಗಿಲ್ಲ. ಸಂಜೆಯ ಹೊತ್ತಿಗೆ ಕಾಲಿಗಿಂತ ಹೆಚ್ಚಾಗಿ ಭುಜ ನೋಯುತ್ತದೆ. ಎಲಾಸ್ಟಿಕ್ ಸತ್ತುಹೋದ ಬ್ರಾ ಪಟ್ಟಿ ಜಾರುತ್ತಲೇ ಇರುತ್ತದೆ, ಪಿನ್ನು ಹಾಕಿದರೆ ಚುಚ್ಚುತ್ತದೆ, ಗಿರಾಕಿಯ ಎದುರು ಕೈ ಹಾಕಿ ಸರಿಮಾಡಿಕೊಳ್ಳುವಂತಿಲ್ಲ. ಮೇಲಿನ ಸೀರೆಗೆ ಇಸ್ತ್ರಿ ಆಗಿದೆಯೋ ಇಲ್ಲವೋ ಎಂದು ಓನರ್ ದಿನಾ ನೋಡುತ್ತಾರೆ. ಒಳಗಿನದನ್ನು ಕೇಳುವವರು ಯಾರು?

ಅಕ್ಕ ಕೇಳಿದರು. ಅದೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಇಡೀ ವಠಾರಕ್ಕೆ ಕೇಳುವಂತೆ.

"ಯವ್ವಾ, ಯಾಕ ಭುಜ ಹಿಡ್ಕೊಂಡು ಅಡ್ಡಾಡ್ತಿ? ಬಾಡಿ ಪಟ್ಟಿ ಹರದದೇನು?"

"ಅಯ್ಯೋ, ಮೆಲ್ಲಗೆ ಮಾತಾಡಿ ಅಕ್ಕ! ಗಂಡಸ್ರು ಇದಾರೆ."

"ಇರ್ಲಿ ಬಿಡು. ಅವರ ಮನ್ಯಾಗ ಹೆಂಗಸ್ರು ಇಲ್ಲೇನು?"

ಬ್ರಾ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ನಮ್ಮ ಅಜ್ಜಿಯರ ಹಾಗೆ ಬಾಡಿ ಎಂದೇ ಅನ್ನುತ್ತಿದ್ದರು. ಅಂದು ನನ್ನದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು, ಎಳೆದು, ಬಿಟ್ಟು, "ಇದು ಬಾಡಿ ಅಲ್ಲವ್ವಾ, ಬಾಡಿ ಹೋಗ್ಯಾದ" ಎಂದು ತಾವೇ ನಕ್ಕರು. ರಿಪೇರಿಗೆ ಒಗ್ಗದವುಗಳ ಹುಕ್ಕು, ಪಟ್ಟಿಗಳನ್ನು ಕತ್ತರಿಸಿ ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡು, ಇನ್ನೂ ಜೀವ ಇರುವವುಗಳಿಗೆ ಹಚ್ಚುವುದು ಅವರ ಅಭ್ಯಾಸ. ವಠಾರದ ಹೆಂಗಸರೆಲ್ಲ ಸೆರಗಿನಡಿ ಮುಚ್ಚಿಟ್ಟುಕೊಂಡು ಅವರ ಬಾಗಿಲಿಗೆ ಬರುತ್ತಿದ್ದೆವು. ಹೋಗುವಾಗಲೂ ಹಾಗೆಯೇ ಮುಚ್ಚಿಕೊಂಡು ಹೋಗುತ್ತಿದ್ದೆವು.

ತಾರಸಿಯ ಮೇಲೂ ಅಷ್ಟೇ. ನಾವೆಲ್ಲ ನಮ್ಮವನ್ನು ಟವೆಲಿನ ಕೆಳಗೆ ಅಡಗಿಸಿ ಒಣಹಾಕಿದರೆ, ಅಕ್ಕ ತಮ್ಮದನ್ನು ಬೀದಿಗೆ ಕಾಣುವ ತಂತಿಗೆ ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದರು. "ಬಿಸಿಲಿಗೇನು ನಾಚ್ಕಿ? ಮುಚ್ಚಿಟ್ರ ಮುಗ್ಗಲು ಹಿಡೀತದ" ಅನ್ನುತ್ತಿದ್ದರು.

ಇಷ್ಟೆಲ್ಲ ಹೇಳಿದ ಹೆಂಗಸು ತನ್ನ ಎದೆಯಲ್ಲಿ ಗಂಟು ಕಟ್ಟಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎಲ್ಲರ ಒಳಬಟ್ಟೆಯ ಕಷ್ಟ ಕೇಳಿದಿರಿ, ನಿಮ್ಮದನ್ನು ಒಂದು ಮಾತು ಹೇಳಬಾರದಿತ್ತೆ ಅಕ್ಕ? ಡಾಕ್ಟರಿಗೆ ತೋರಿಸುವ ಹೊತ್ತಿಗೆ ತಡವಾಗಿತ್ತು. ಎಡಗಡೆಯದನ್ನು ತೆಗೆದುಬಿಟ್ಟರು.

ಆಸ್ಪತ್ರೆಯಿಂದ ಬಂದ ಮೇಲೆ ತುಟಿಯ ಹುಕ್ಕು ಕಾಣೆಯಾಯಿತು. ಅಕ್ಕನ ಬಾಡಿಯೂ ಟವೆಲಿನ ಕೆಳಗೆ ಸೇರಿಕೊಂಡಿತು. ಅವರಿಗೆ ಸಾವಿನ ಭಯಕ್ಕಿಂತ ಊರಿನ ಭಯ ಜಾಸ್ತಿ. ಊರಲ್ಲಿ ಓರಗಿತ್ತಿಯರು, ನಾದಿನಿಯರು ಇದ್ದರು. ಜ್ವರ ಬಂದು ಮಲಗಿದ್ದಾಳೆ ಎಂದಷ್ಟೇ ಅವರಿಗೆ ಹೇಳಿಸಿದ್ದರು.

"ಊರಿಗಿ ಹೋದ್ರ ಎರಡೂ ಇದ್ದಾಕಿ ಹಂಗೇ ಹೋಗ್ತೀನಿ ತಂಗಿ. ಒಂದು ಕಡಿ ಬಯಲು ಮಾಡ್ಕೊಂಡು ಅವರ ಮುಂದ ನಿಂದ್ರಂಗಿಲ್ಲ" ಎಂದು ನನ್ನ ಕೈ ಹಿಡಿದುಕೊಂಡರು.

ಆಸ್ಪತ್ರೆಯವರು ಕೊಟ್ಟ ಸ್ಪಂಜು ಅವರಿಗೆ ಸೇರಲಿಲ್ಲ. ಹಗುರವಾಗಿದೆ, ಮೇಲಕ್ಕೆ ಏರುತ್ತದೆ ಎಂದರು. ಸರಿ, ಅವರ ಹಳೆಯ ಬಾಡಿಯ ಎಡಭಾಗಕ್ಕೆ ಒಳಗಿನಿಂದ ಜೇಬು ಕೂರಿಸಿ, ಮೆತ್ತನೆ ಬಟ್ಟೆಯ ಚೀಲ ಹೊಲಿದೆ. ತೂಕಕ್ಕೆ ರಾಗಿ ತುಂಬೋಣ ಅಂದೆ. ಆಸ್ಪತ್ರೆಯಿಂದ ಬಂದಮೇಲೆ ಮೊದಲ ಸಲ ಅಕ್ಕನ ಮುಖದಲ್ಲಿ ಹಳೆಯ ಜಗಳಗಂಟಿ ಕಾಣಿಸಿಕೊಂಡಳು.

"ರಾಗಿ ನಿಮ್ಮ ಕಡೀದು. ನಾ ಜ್ವಾಳ ತಿಂದು ಬೆಳದ ಎದಿ. ಜ್ವಾಳಾನೇ ಹಾಕು."

ಜೋಳವನ್ನೇ ಹಾಕಿದೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಸೆರಗು ಎಳೆದು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಆಮೇಲೆ ಹೋಗಿ ಚಹಾ ಇಟ್ಟರು.

ಊರಿಗೆ ಹೊರಡುವ ಮಾತು ನಡೆಯಿತು. ಅದಕ್ಕೆ ಮುಂಚೆ ಬಾಡಿಯನ್ನು ಒಗೆದಿದ್ದಾರೆ. ಚೀಲ ಒಳಗೇ ಇದೆ ಎಂಬುದು ಮರೆತಿದೆ. ಮೋಡ ಕವಿದ ದಿನಗಳು, ಮೇಲೆ ದಪ್ಪನೆಯ ಟವೆಲು. ನಾನು ಕೆಲಸ ಮುಗಿಸಿ ಕಾಲೆಳೆದುಕೊಂಡು ಬಂದರೆ ಅಕ್ಕ ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಚೀಲದ ನೇಯ್ಗೆಯಿಂದ ಬೆಳ್ಳನೆಯ ಮೊಳಕೆಗಳು ಇಣುಕುತ್ತಿದ್ದವು. ಅಳುತ್ತಾರೇನೋ ಅಂದುಕೊಂಡೆ.

"ನೋಡವ್ವಾ, ಡಾಕ್ಟರ್ ಕೊಯ್ದು ತಗದ್ರು. ಇದು ತಿರುಗಿ ಚಿಗೀಲತ್ತದ!"

ನಗಲು ಶುರುಮಾಡಿದವರು ಗಾಯದ ಜಾಗ ಒತ್ತಿಹಿಡಿದುಕೊಂಡು ನಕ್ಕರು. ನಾನೂ ಚಪ್ಪಲಿ ಬಿಡದೆ ಅಲ್ಲೇ ಕೂತು ನಕ್ಕೆ. ಆಮೇಲೆ ಕಣ್ಣೊರೆಸಿಕೊಂಡು, "ಮುಚ್ಚಿಟ್ಟಿದ್ದು ನಂದೇ ತಪ್ಪು. ಹೊಸಾ ಜ್ವಾಳ ಹಾಕು" ಅಂದರು. ಮರುದಿನದಿಂದ ಅಕ್ಕನ ಬಾಡಿ ಮತ್ತೆ ಬೀದಿಯ ಕಡೆಯ ತಂತಿಗೆ ಬಂತು.

ಆದರೆ ಊರಿಗೆ ಹೋಗಲಾಗಲಿಲ್ಲ. ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ಹಬ್ಬಕ್ಕೆ ಹೋದರಾಯಿತು, ಹಬ್ಬ ಕಳೆದ ಮೇಲೆ ಹೋದರಾಯಿತು ಎನ್ನುತ್ತಲೇ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು. ನನ್ನನ್ನು ಕಂಡಾಗ ಮಾತ್ರ ಎಡಗಡೆ ಕೈಯಿಟ್ಟು, "ಮರೀಬ್ಯಾಡ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ, ಆ ರೂಮಿನಲ್ಲೇ ತೀರಿಕೊಂಡರು. ಮಣ್ಣು ಊರಲ್ಲೇ ಆಗಬೇಕು ಎಂದು ಯಜಮಾನರು ಆಂಬುಲೆನ್ಸ್ ಕರೆಸಿದರು. ಹೆಂಗಸರು ಮೈ ತೊಳೆದು ಸೀರೆ ತಂದಾಗ ನಾನು ತಾರಸಿಗೆ ಓಡಿ ಬಾಡಿ ತಂದೆ. "ಸತ್ತೋರಿಗೆ ಅದೆಲ್ಲ ಯಾಕಮ್ಮ?" ಎಂದು ಯಾರೋ ಅಂದರು. ನೋಡಿದರೆ ಅದರ ಹುಕ್ಕೊಂದು ಕಿತ್ತುಹೋಗಿತ್ತು. ಬಿಸ್ಕತ್ ಡಬ್ಬಿ ತೆರೆದು, ಇನ್ನಾರದೋ ಹುಕ್ಕನ್ನು ತೆಗೆದು ತುಟಿಗೆ ಕಚ್ಚಿಕೊಂಡು, ಸೂಜಿಗೆ ದಾರ ಪೋಣಿಸತೊಡಗಿದೆ.

ಬಾಗಿಲ ಹೊರಗಿನಿಂದ ಡ್ರೈವರ್ ಕೂಗಿದ: "ಅಮ್ಮಾ, ಬಾಡಿ ರೆಡಿನಾ? ಲೇಟಾದ್ರೆ ಹೆಬ್ಬಾಳದಲ್ಲಿ ಜಾಮ್ ಆಗ್ಬಿಡುತ್ತೆ."

ಬಾಯಲ್ಲಿ ಹುಕ್ಕಿತ್ತು, ಮಾತಾಡಲಾಗಲಿಲ್ಲ. ಹುಕ್ಕು ಹೊಲಿದೆ. ಅಕ್ಕನನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ ತೊಡಿಸಿದೆ, ಹೊಸ ಜೋಳ ತುಂಬಿಟ್ಟಿದ್ದ ಚೀಲವನ್ನು ಜೇಬಿನಲ್ಲಿ ಸರಿಯಾಗಿ ಕೂರಿಸಿದೆ. ಸೀರೆ ಉಡಿಸಿ ಸೆರಗು ಹೊದಿಸಿ, ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ.

"ರೆಡಿ ಇದೆ" ಅಂದೆ. "ಕರ್ಕೊಂಡ್ಹೋಗಿ."