ಕತ್ತಲೋಣಿಯ ಮರುಬೆಲ್

ಇರಾನಿನ ಯಜ್ದ್ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೈಕಲ್ ರಿಪೇರಿಯ ಮೇಸ್ತ್ರಿ ಉಸ್ತಾ ಮೆಹ್ರಬಾನ್ ಸಾಬಾತಿನ ಬಾಯಲ್ಲಿ ಸೈಕಲ್ ಮೇಲೆ ಕೂತು ಒಂದು ಕಾಲು ನೆಲಕ್ಕೂರಿ ನಿಂತಿದ್ದಾರೆ. ಸಾಬಾತೆಂದರೆ ಮೇಲೆ ಮಣ್ಣಿನ ಕಮಾನು ಹೊದ್ದ ಓಣಿ. ಹಗಲಲ್ಲೂ ಒಳಗೆ ಕತ್ತಲೆ, ನಡುವೆ ಒಂದು ತಿರುವು, ಒಂದೇ ಸೈಕಲ್ ಹಿಡಿಸುವಷ್ಟು ಇಕ್ಕಟ್ಟು. ಉಸ್ತಾ ಬೆಲ್ ಹೊಡೆದು ಕಿವಿಗೊಡುತ್ತಾರೆ. ತುಸು ಹೊತ್ತಿಗೆ ಒಳಗಿನಿಂದ ಟ್ರಿಣ್ ಎಂದು ಮರುಬೆಲ್ ಬರುತ್ತದೆ. ಯಾರೂ ಹೊರಗೆ ಬರುವುದಿಲ್ಲ.

ಹಿಂದೆ ಮಗ್ಗದ ಕೆಲಸಗಾರರು ಸೈಕಲ್ ಹಿಡಿದು ಸಾಲುಗಟ್ಟಿದ್ದಾರೆ. ಒಳಗಿನವರು ಬೆಲ್ ಕೊಟ್ಟರೆ ಅವರು ಬರುವ ತನಕ ಕಾಯಬೇಕು; ಇಲ್ಲಿಯ ಕಟ್ಟಳೆ ಅದು. ಕಾದು ಕಾದು, ಉಸ್ತಾ ತಲೆ ಬಾಗಿಸಿ ಮೊದಲು ಪೆಡಲ್ ತುಳಿಯುತ್ತಾರೆ. ಆಮೇಲೆಯೇ ಉಳಿದವರಿಗೆ ಧೈರ್ಯ. ಅವರನ್ನೆಲ್ಲ ಆಚೆ ದಾಟಿಸಿ ಬಂದು ಅಂಗಡಿ ತೆರೆಯುತ್ತಾರೆ. ಈ ಕೆಲಸವನ್ನು ಅವರಿಗೆ ಯಾರೂ ವಹಿಸಿಲ್ಲ.

ಉಸ್ತಾಗೆ ಅರವತ್ತೆಂಟು. ಅಂಗಡಿಯೆಂದರೆ ಒಂದು ಬೋಗುಣಿ ನೀರು, ಪಂಪು, ಗೋಡೆಗೆ ತೂಗಿದ ಹಳೇ ಟೈರುಗಳು. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಹುಡುಕುವುದರಲ್ಲೇ ಆಯುಷ್ಯ ಸವೆದಿದೆ. ದಿನಕ್ಕೆ ನಲವತ್ತು ಪಂಕ್ಚರ್ ಹಾಕಿದ ಕೈಗೆ ಈಗ ಹತ್ತು ಬಂದರೆ ಪುಣ್ಯ. ಊರೇ ಮೋಟರ್‌ಸೈಕಲ್ ಹತ್ತಿದೆ. ಈ ಓಣಿಯ ತಾಯಂದಿರಂತೂ ಮಕ್ಕಳ ಸೈಕಲ್‌ಗೆ ಬೀಗ ಹಾಕಿಟ್ಟಿದ್ದಾರೆ. ಆ ಬೆಲ್ ಕೇಳಿದ ಮಕ್ಕಳಿಗೆ ಜ್ವರ ಬರುತ್ತದಂತೆ!

ಹೀಗಿರುವಾಗ ನಗರಸಭೆಯ ಎಂಜಿನಿಯರ್ ಫರಾನಕ್ ಹಾಲೆಂಡಿನಲ್ಲಿ ಓದಿ ಬಂದಿದ್ದಾಳೆ. ಅವಳ ಯೋಜನೆ ಇದು: ಗೋಡೆಬದಿಯ ಕಟ್ಟೆಗಳನ್ನು ಒಡೆದು ಓಣಿ ಅಗಲಿಸುವುದು, ದೀಪ ಹಾಕುವುದು, ನಡುವೆ ಗೆರೆ ಎಳೆದು ಹೋಗುವವರಿಗೊಂದು ಬದಿ, ಬರುವವರಿಗೊಂದು ಬದಿ ಮಾಡುವುದು. ಬೆಲ್ಲೂ ಬೇಡ, ಕಾಯುವುದೂ ಬೇಡ.

“ಹುಲಿ ನೋಡಿ ನರಿ ಬರೆ ಹಾಕ್ಕೊಂಡಂಗಾಯ್ತು” ಎಂದು ರೊಟ್ಟಿಯಂಗಡಿಯ ಹಾಜಿ ತಖೀ ಕಿಚಾಯಿಸುತ್ತಾನೆ. “ಅವರ ದೇಶದಲ್ಲಿ ಮಳೆ, ನಮ್ಮಲ್ಲಿ ಧೂಳು. ಗೆರೆ ಎಳೆದ್ರೆ ನಾವು ಬೆಳ್ಳಗಾಗ್ತೀವಾ?”

“ಮಕ್ಕಳು ಮತ್ತೆ ಸೈಕಲ್ ಹತ್ತಲಿ ಅಂತ, ಹಾಜಿ” ಎನ್ನುತ್ತಾಳೆ ಫರಾನಕ್. ಓಣಿಯವರದು ಒಂದೇ ಮಾತು: ಉಸ್ತಾ ಹೂಂ ಅಂದರೆ ನಾವೂ ಹೂಂ. ಉಸ್ತಾ ಮಾತ್ರ ತಿಂಗಳಿಂದ ಹೂಂ ಅನ್ನುತ್ತಿಲ್ಲ, ಉಹೂಂ ಅನ್ನುತ್ತಿಲ್ಲ.

ಕಾರಣ ಅವರ ಅಣ್ಣ ಇಸ್ಫಂದಿಯಾರ್. ಯಜ್ದಿನವರ ಉಪಚಾರ ಗೊತ್ತಲ್ಲ, ‘ಮೊದಲು ನೀವು’, ‘ಛೇ, ಮೊದಲು ನೀವು’ ಎನ್ನುತ್ತ ಬಾಗಿಲಲ್ಲೇ ನಿಂತು ಒಳಗಿನ ಚಹಾ ತಣ್ಣಗಾಗಿಸುವ ಜನ. ಅಣ್ಣ ಅದರಲ್ಲಿ ಎಲ್ಲರನ್ನೂ ಮೀರಿಸಿದವನು. ಇಪ್ಪತ್ತೆರಡು ವರ್ಷದ ಹಿಂದೆ, ಅಪರೂಪದ ಮಳೆ ಸುರಿದ ಮರುದಿನ ಬೆಳಗ್ಗೆ, ಉಸ್ತಾ ಓಣಿಯ ಬಾಯಲ್ಲಿದ್ದರು, ಅಣ್ಣ ಒಳಗಿದ್ದ.

“ನಾನು ಬೆಲ್ ಹೊಡ್ದೆ, ಅವ್ನೂ ಹೊಡ್ದ. ಬರ್ತಾನೆ ಅಂತ ಕಾದೆ. ಬರ್ಲಿಲ್ಲ. ‘ನೀನೇ ಬಾ’ ಅಂತಿದಾನೆ ಅನ್ನೋದು ಗೊತ್ತಾಯ್ತು. ಸಣ್ಣವನು ನಾನು ಮೊದಲು ಹೋಗೋದಾ? ಮತ್ತೆ ಹೊಡ್ದೆ. ಅವ್ನೂ ಹೊಡ್ದ. ನಗು ಬರ್ತಿತ್ತು ನಂಗೆ.” ಇದನ್ನು ಫರಾನಕ್‌ಗೆ ಮೊದಲ ಸಲ ಹೇಳಿದಾಗ ಉಸ್ತಾ ಟ್ಯೂಬಿನ ನೀರು ಒರೆಸುತ್ತಿದ್ದರು. “ಅಷ್ಟರಲ್ಲಿ ನೆನೆದ ಕಮಾನು ಅವನ ಮೇಲೆ ಕುಸೀತು.”

ಕಮಾನನ್ನು ಮತ್ತೆ ಕಟ್ಟಿದರು. ಆದರೆ ಬೆಲ್ ನಿಲ್ಲಲಿಲ್ಲ.

ಫರಾನಕ್ ನಂಬಿರಲಿಲ್ಲ. ಇವತ್ತು ಬೆಳಗ್ಗೆ ತಾನೇ ಓಣಿಯ ಬಾಯಲ್ಲಿ ನಿಂತು ಬೆಲ್ ಹೊಡೆದಳು. ಒಳಗಿನಿಂದ ಮರುಬೆಲ್ ಬಂತು. “ಯಾರೋ ಆಟ ಆಡ್ತಿದಾರೆ” ಎಂದು ಟಾರ್ಚ್ ಹಿಡಿದು ನುಗ್ಗಿದಳು. ತಿರುವಿನಲ್ಲಿ ಯಾರೂ ಇರಲಿಲ್ಲ. ಆದರೆ ಅಲ್ಲಿಯ ಒಣಧೂಳಿನಲ್ಲಿ ಒಂದು ಚಕ್ರದ ಗುರುತು, ಪಕ್ಕದಲ್ಲಿ ನೆಲಕ್ಕೂರಿದ ಒಂದು ಪಾದದ ಗುರುತು, ಎರಡೂ ಒದ್ದೆ. ಅವಳು ಮರಳಿ ಬಂದಾಗ ಉಸ್ತಾ ಸ್ಟೂಲು ಸರಿಸಿ ಚಹಾ ಕೊಡುತ್ತಾರೆ.

“ಅವರು ಅಲ್ಲೇ ಇದಾರಾ, ಉಸ್ತಾ?” ಅವಳು ಲೋಟ ಕೆಳಗಿಡುತ್ತಾಳೆ.

“ಇದಾನೆ. ದೀಪ ಹಾಕಿ ಗೆರೆ ಎಳೆದ್ರೆ ಹೊರಟುಹೋಗ್ತಾನೆ ಅನ್ನೋದೇ ನನ್ನ ಸಂಕಟ. ದಿನಾ ಮಾತಾಡ್ಸೋಕೆ ಇನ್ಯಾರಿದಾರೆ ನಂಗೆ?” ಉಸ್ತಾ ಓಣಿಯತ್ತ ತಿರುಗುತ್ತಾರೆ. “ಬರೋರ ಬದಿ ಬೇರೆ ಅಂದೆಯಲ್ಲ ಮಗಳೇ? ಯಾರೂ ಯಾರಿಗೂ ಕಾಯಬೇಕಾಗಿಲ್ಲ ಅಲ್ವಾ?”

“ಇಲ್ಲ, ಉಸ್ತಾ.”

“ಹಾಗಾದ್ರೆ ಎಳಿ. ಒಂದೇ ಆಸೆ ನಂದು. ಗೆರೆ ಎಳೆದ ಮೊದಲ ಬೆಳಗ್ಗೆ ಬರೋರ ಬದಿಯಲ್ಲಿ ಯಾರನ್ನೂ ಬಿಡಬೇಡ. ಇಷ್ಟು ವರ್ಷ ‘ನೀನೇ ಮೊದಲು’ ಅನ್ನೋ ಅಣ್ಣನ ಹಠವೇ ನಡೀತು. ಈ ಸಲ ಅವನು ಮೊದಲು ಬರಲಿ.”