ಇಳಿಸಿದ ಶ್ರುತಿ

ಎರ್ಮಾನ್ಸ್ ತೆಸಿಯೆ ಫ್ರಾನ್ಸಿನ ತೂರ್ ಪಟ್ಟಣದಲ್ಲಿ ಹಾಡುವವರಿಗೆ ಪಿಯಾನೊ ನುಡಿಸಿ ಬದುಕಿದವಳು. ಯಾರ ಉಸಿರು ಎಲ್ಲಿ ಮುಗಿಯುತ್ತದೆಂದು ಬೆನ್ನು ನೋಡಿಯೇ ತಿಳಿಯಬಲ್ಲಳು. ಅದರಿಂದ ಹೆಸರೇನೂ ಬರಲಿಲ್ಲ.

ಅವಳು ಹೆಚ್ಚಾಗಿ ನುಡಿಸಿದ್ದು ವಕೀಲರ ಹೆಂಡತಿ ಮದಾಮ್ ಕ್ಲೊತೀಲ್ದ್ ರಾವನೆಲ್‌ಗೆ. ಊರಿನವನೇ ಆದ ಒಬ್ಬ ಸಂಗೀತಕಾರ, ಮಹಾಯುದ್ಧಕ್ಕೆ ಎಷ್ಟೋ ಮೊದಲೇ, ಏಳು ಹಾಡುಗಳ ಮಾಲೆಯೊಂದನ್ನು ಕ್ಲೊತೀಲ್ದಳ ಎಳೆಯ ಕಂಠಕ್ಕೆಂದೇ ಬರೆದುಕೊಟ್ಟಿದ್ದ. ಪ್ರತಿ ಚಳಿಗಾಲ ಆಕೆಯ ದಿವಾನಖಾನೆಯಲ್ಲಿ ಅದು ನಡೆಯಲೇಬೇಕು. ವಯಸ್ಸಾಗುತ್ತ ಕಂಠ ಇಳಿಯಿತು. ಐದನೆಯ ಹಾಡಿನ ತುದಿಯ ಸ್ವರಕ್ಕೆ ಆಕೆ ಕತ್ತು ಬಿಗಿಯುವುದನ್ನು ಕಂಡ ಎರ್ಮಾನ್ಸ್ ಒಂದು ವರ್ಷ ಹೇಳದೆ ಕೇಳದೆ ಇಡೀ ಮಾಲೆಯನ್ನು ಅರ್ಧ ಸ್ವರ ಇಳಿಸಿ ನುಡಿಸಿದಳು. ಸ್ವರ ಸಲೀಸಾಗಿ ಬಂತು. ಮುಂದೆ ಇನ್ನರ್ಧ, ಆಮೇಲೆ ಮತ್ತಷ್ಟು.

"ನನ್ನ ಕಂಠಕ್ಕೆ ವಯಸ್ಸೇ ಆಗಲ್ಲ ನೋಡು," ಎನ್ನುತ್ತಿದ್ದಳು ಕ್ಲೊತೀಲ್ದ್. ಎರ್ಮಾನ್ಸ್ ಸ್ವರಲಿಪಿಯ ಹಾಳೆ ಮಡಿಸುತ್ತಿದ್ದಳು.

ಆ ಸಂಗೀತಕಾರ ತೀರಿಕೊಂಡಾಗ ಊರಿನ ರಂಗಮಂದಿರದಲ್ಲಿ ಸ್ಮರಣೆಯ ಸಂಜೆ ಏರ್ಪಾಡಾಯಿತು. ಹಾಡುವುದು ಕ್ಲೊತೀಲ್ದ್, ಪಿಯಾನೊಗೆ ಪ್ಯಾರಿಸಿನಿಂದ ಸತ್ತವನ ಶಿಷ್ಯ ದೆಲೊನ್ವಾ ಬಂದ. ಬೆಳಗಿನ ತಾಲೀಮಿನಲ್ಲಿ ಆಕೆ ಹಾಡುಗಾರರೆಲ್ಲ ಮಾಡುವಂತೆ ಗಂಟಲು ಉಳಿಸಿಕೊಂಡು ಮೆಲ್ಲಗೆ ಗುನುಗಿದಳಷ್ಟೆ. ತುದಿಯ ಸ್ವರ ಎಟುಕುವುದಿಲ್ಲವೆಂದು ಆಕೆಗೂ ದೆಲೊನ್ವಾನಿಗೂ ತಿಳಿಯಲಿಲ್ಲ. ತಾಲೀಮು ನೋಡುತ್ತಿದ್ದ ಎರ್ಮಾನ್ಸ್ ಮೊಗಸಾಲೆಯಲ್ಲಿ ದೆಲೊನ್ವಾನನ್ನು ತಡೆದಳು.

"ಮೊಸ್ಯೊ, ಸಂಜೆ ಒಂದೂವರೆ ಸ್ವರ ಇಳಿಸ್ಕೊಂಡು ನುಡಿಸ್ಬೇಕು ನೀವು."

"ಗುರುಗಳು ಬರೆದಿದ್ದನ್ನ ಅವರ ಸ್ಮರಣೆ ದಿನವೇ ಕೆಡಿಸ್ಲಾ? ಒಳ್ಳೇ ಮಾತಾಯ್ತು! ಬೆಳಗ್ಗೆ ಸೊಗಸಾಗೇ ಹಾಡಿದ್ರಲ್ಲ."

"ಅದು ಹಾಡಿದ್ದಲ್ಲ, ಗುನುಗಿದ್ದು."

"ಹಾಗಾದ್ರೆ ಅವರೇ ಬಂದು ಕೇಳ್ಲಿ."

ಅಲಂಕಾರದ ಕೋಣೆಯಲ್ಲಿ ಕ್ಲೊತೀಲ್ದ್ ಕನ್ನಡಿಯ ಮುಂದೆ, ಗಂಟಲಿಗೆ ಒಳ್ಳೆಯದೆಂದು ಹಸಿ ಮೊಟ್ಟೆ ನುಂಗುತ್ತಿದ್ದಳು.

"ಮದಾಮ್, ಶ್ರುತಿ ಇಳಿಸೋಕೆ ಹೇಳಿ ಅವರಿಗೆ. ಐದನೇ ಹಾಡು..."

"ಯಾಕೆ? ಪ್ರತಿ ವರ್ಷ ಹಾಡ್ತಿಲ್ವಾ ನಾನು?"

"ಪ್ರತಿ ವರ್ಷ ನಾನು ಇಳಿಸಿ ನುಡಿಸ್ತಿದ್ದೆ."

ಕ್ಲೊತೀಲ್ದ್ ಕನ್ನಡಿಯಲ್ಲೇ ಅವಳನ್ನು ನೋಡಿ ನಕ್ಕಳು. "ಅಯ್ಯೋ ಎರ್ಮಾನ್ಸ್! ಇವತ್ತು ಪಿಯಾನೊ ಮುಂದೆ ಕೂರಿಸ್ಲಿಲ್ಲ ಅಂತ ಇಷ್ಟು ಹೊಟ್ಟೆಕಿಚ್ಚಾ? ಹೋಗು, ಮುಂದಿನ ಸಾಲಲ್ಲಿ ಜಾಗ ಇಡಿಸಿದೀನಿ. ಒಂದ್ಸಲನಾದ್ರೂ ಕೈ ಕಟ್ಕೊಂಡು ಕೇಳು."

ಇಷ್ಟು ವರ್ಷ ನೆರವಾದ ಸುಳ್ಳಿನ ಮುಂದೆ ಒಂದು ದಿನದ ನಿಜ ನಿಲ್ಲಲಿಲ್ಲ. ಎರ್ಮಾನ್ಸ್ ಹೋಗಿ ಕೂತಳು.

ಮೊದಲ ನಾಲ್ಕು ಹಾಡು ಹೇಗೋ ದಾಟಿದವು. ಐದನೆಯದರಲ್ಲಿ ಕತ್ತು ಬಿಗಿಯಿತು, ಸ್ವರ ಒಡೆದು ಬರೀ ಗಾಳಿ ಬಂತು. ಮಾಲೆ ಮುಗಿಯುವವರೆಗೆ ಚಪ್ಪಾಳೆ ತಟ್ಟಬಾರದು, ಕೆಮ್ಮಲೂ ಬಾರದು ಎಂಬುದು ಅಲ್ಲಿನ ರೂಢಿ. ಆದ್ದರಿಂದ ಸಭೆ ಮರ್ಯಾದೆಯಿಂದ ಸುಮ್ಮನಿತ್ತು. ಕ್ಲೊತೀಲ್ದ್ ದೆಲೊನ್ವಾನ ಕಡೆ ತಿರುಗಲಿಲ್ಲ. ಮುಂದಿನ ಸಾಲಿನಲ್ಲಿ ಎರ್ಮಾನ್ಸಳನ್ನು ಹುಡುಕಿ ನೋಡಿದಳು. ಎರ್ಮಾನ್ಸ್ ಹೇಳಿದ್ದು ನಿಜವೆಂಬ ನಂಬಿಕೆ ಈಗ ಆ ನೋಟದಲ್ಲಿತ್ತು.

ದೆಲೊನ್ವಾ ಆರನೆಯ ಹಾಡನ್ನು ಗುರುಗಳು ಬರೆದ ಶ್ರುತಿಯಲ್ಲೇ ಶುರು ಮಾಡಿದ.