ಗಿರಿಜಳ ಆಣೆ, ಆ ಸಣ್ಣ ಬಿಳಿ ಮಾತ್ರೆ

ನಂಬಲಿಕ್ಕೇ ಆಗುತ್ತಿಲ್ಲ...
ಬೆಳಿಗ್ಗೆ ಆಸ್ಪತ್ರೆಯಿಂದ ಗಿರಿಜಳ ಗಂಡ ಭಾಸ್ಕರಣ್ಣನ ಫೋನ್ ಬಂದಾಗ "ಎಚ್ಚರ ಆಯ್ತಾ?" ಅಂತಲೇ ಕೇಳಿದೆ.
"ಇಲ್ಲ ಲಲಿತಕ್ಕ... ಗಿರಿಜ ಹೋಯ್ತ್" ಅಂದರು.

ನಮ್ಮ ನಾವುಂದ ಮಾರ್ಕೆಟಿನ ಗಿರಿಜ...
ನನ್ನ ಟೈಲರ್ ಅಂಗಡಿಯ ಎದುರಿಗೇ ಕೂತು ಹದಿನೆಂಟು ವರ್ಷ ಬಂಗುಡೆ ಮಾರಿದವಳು.
ಅವಳ ಬೈಗುಳ ತಿನ್ನದೆ ಮೀನು ತಗೊಂಡವರು ಈ ಗ್ರೂಪಿನಲ್ಲಿ ಯಾರಿದ್ದೀರಿ ಹೇಳಿ?
ನಲವತ್ತಾರು ವರ್ಷ. ಅದೊಂದು ಸಾಯುವ ವಯಸ್ಸಾ?

ಬೆಳಿಗ್ಗೆಯಿಂದ ಎಲ್ಲರೂ "ಹಾರ್ಟ್ ಅಟ್ಯಾಕ್ ಅಂತೆ" ಅಂತ ಮೆಸೇಜ್ ಹಾಕುತ್ತಿದ್ದೀರಿ.
ಅಲ್ಲ.
ಏನಾಯಿತು ಅಂತ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅವಳಿಗೆ ಮಂಡಿ ನೋವು. ಕೂತರೆ ಏಳಲಿಕ್ಕಾಗದಷ್ಟು.
ಯಾರೋ ಹೇಳಿದರು ಅಂತ ಎಲ್ಲಿಂದಲೋ ಮಾತ್ರೆ ತಂದಳು.
ಸ್ಟ್ರಿಪ್ ಇಲ್ಲ, ಹೆಸರಿಲ್ಲ, ಡಾಕ್ಟರ ಚೀಟಿ ಇಲ್ಲ... ಪೇಪರಿನಲ್ಲಿ ಮಡಚಿದ ಪೊಟ್ಟಣ.
ಒಂದು ಹಳದಿ, ಒಂದು ಗುಲಾಬಿ, ಒಂದು ಸಣ್ಣ ಬಿಳಿ.
ಮೂರೇ ದಿನಕ್ಕೆ ಬುಟ್ಟಿ ಹೊತ್ತು ಓಡಾಡಿದಳು!
"ಎಂತ ಮದ್ದ್ ಮಾರಾಯ್ತಿ... ದೇವ್ರೇ ಕೊಟ್ಟದ್ದ್!" ಅಂದಳು.
ಎರಡು ವರ್ಷ ತಿಂದಳು.

ಮುಖ ದುಂಡಗಾಯಿತು. "ಗಿರಿಜ ಚೆಂದ ಆಯ್ತ್" ಅಂತ ಎಲ್ಲರೂ ಅಂದರು, ನಾನೂ ಅಂದೆ.
ಆದರೆ ಅವಳ ಬ್ಲೌಸ್ ಹೊಲಿಯುವವಳು ನಾನಲ್ಲವಾ...
ಮೈ ಹತ್ತಿರ ಎರಡು ಸಲ ಬಿಚ್ಚಿ ಅಗಲ ಮಾಡಿದೆ. ತೋಳು ಮಾತ್ರ ಪ್ರತಿ ಸಲ ಸಣ್ಣ ಮಾಡಬೇಕಾಯಿತು.
ಕುತ್ತಿಗೆಯ ಹಿಂದೆ ಒಂದು ಉಬ್ಬು. ಸ್ವಲ್ಪ ತಾಗಿದರೂ ಕೈಮೇಲೆ ನೀಲಿ ಕಲೆ.

ಆಗ ಮೊಬೈಲಿಗೆ ಒಂದು ವಿಡಿಯೋ ಬಂತು.
ಇಂಥ ಪೊಟ್ಟಣದಲ್ಲಿ ಸ್ಟೀರಾಯ್ಡ್ ಇರುತ್ತದೆ, ಮೂಳೆ ಸವೆಯುತ್ತದೆ, ಶುಗರ್ ಬರುತ್ತದೆ ಅಂತ.
ಅರ್ಧ ನೋಡಿದೆ. ಅರ್ಧವೇ!
ಅಂಗಡಿ ಬಿಟ್ಟು ಓಡಿದೆ. "ವಿಷ ತಿಂತಿದ್ದಿ ನೀನ್!" ಅಂತ ಮಾರ್ಕೆಟಿನಲ್ಲೇ ಬೈದೆ.
"ಬಿಡೂಕಾತಿಲ್ಲ ಲಲಿತ... ಬಿಟ್ರೆ ಏಳೂಕಾತಿಲ್ಲ" ಅಂದಳು.

ಭಾಸ್ಕರಣ್ಣ ಕುಡಿತ ಬಿಟ್ಟದ್ದು ಬೊಬ್ಬರ್ಯ ದೈವದ ಎದುರು ಆಣೆ ಹಾಕಿ. ಒಂಬತ್ತು ವರ್ಷವಾಯಿತು, ಒಂದು ತೊಟ್ಟು ಮುಟ್ಟಿಲ್ಲ.
ನಮ್ಮ ಕಡೆ ಏನು ಬಿಡಿಸಬೇಕಾದರೂ ಅದೇ ಅಲ್ಲವಾ ದಾರಿ...
"ನಿನ್ನ ಗಂಡಂಗೆ ಆದ್ದ್ ನಿಂಗೆ ಆತಿಲ್ಯಾ? ನಡಿ, ಹೋಪ" ಅಂತ ಕೈಹಿಡಿದು ಎಳೆದುಕೊಂಡು ಹೋದೆ.
ಎಳನೀರು, ಅಡಿಕೆಯ ಹಿಂಗಾರ ಇಟ್ಟಳು. ಇನ್ನು ಆ ಮಾತ್ರೆ ಮುಟ್ಟುವುದಿಲ್ಲ ಅಂತ ಕೈಮುಗಿದಳು.
ನಾನು ಫೋಟೋ ತೆಗೆದು ಇದೇ ಗ್ರೂಪಿಗೆ ಹಾಕಿದೆ. ಎಷ್ಟು ಲೈಕ್ ಕೊಟ್ಟಿರಿ ನೀವೆಲ್ಲ...

ಗಿರಿಜಾ...
ಮೂರನೇ ದಿನ ವಾಂತಿ ಶುರುವಾಯಿತು ನಿನಗೆ.
"ಕುಡ್ತ ಬಿಟ್ಟಾಗ ಭಾಸ್ಕರಣ್ಣಂಗೂ ಕೈ ನಡುಗಿತ್ತಲೆ. ಒಂದ್ ವಾರ ತಡ್ಕ ಹೆಣ್ಣೆ" ಅಂದೆ ನಾನು.
ನಾನೇ ಅಂದದ್ದು!
ಐದನೇ ದಿನ ಗೋಡೆ ಹಿಡಿದು ಬಚ್ಚಲಿಗೆ ಹೋದೆಯಂತೆ.
ಭಾಸ್ಕರಣ್ಣ ಹೆದರಿ ಪೊಟ್ಟಣ ತಂದರೆ ಕೈ ತಳ್ಳಿದೆಯಂತೆ... "ಆಣೆ ಹಾಕಿದ್ದೆ, ತಿಂಬುದಿಲ್ಲ" ಅಂತ.
ಇಷ್ಟು ಹಠ ಯಾಕೆ ಬೇಕಿತ್ತೇ ನಿನಗೆ?
ನಿನ್ನೆಯ ಬಂಗುಡೆಯನ್ನು ಇವತ್ತಿನದ್ದು ಅಂತ ತಲೆಮೇಲೆ ಕೈಯಿಟ್ಟು ಆಣೆ ಹಾಕಿ ಮಾರುತ್ತಿದ್ದವಳಲ್ಲವಾ ನೀನು!
ಇದೊಂದು ಆಣೆ ಮುರಿಯಬಾರದಿತ್ತಾ...

ಏಳನೇ ದಿನ ಅಂಗಳದಲ್ಲಿ ಬಿದ್ದಳು. ಕುಂದಾಪುರಕ್ಕೆ ಕರೆದುಕೊಂಡು ಹೋದೆವು. ಬಿಪಿ ಸಿಗುತ್ತಲೇ ಇರಲಿಲ್ಲ.
ಯಾವ ಮಾತ್ರೆ ತಿನ್ನುತ್ತಿದ್ದರು ಅಂತ ಡಾಕ್ಟರು ಕೇಳಿದರು.
ನಮಗೆ ಬಣ್ಣ ಬಿಟ್ಟರೆ ಬೇರೆ ಏನು ಗೊತ್ತು?
ಕೊನೆಗೆ ಡಾಕ್ಟರೇ ಬಿಡಿಸಿ ಹೇಳಿದರು. ನಮ್ಮ ದೇಹವೇ ದಿನಾ ತಯಾರು ಮಾಡುವ ಒಂದು ರಸ ಇದೆಯಂತೆ. ಆ ಸಣ್ಣ ಬಿಳಿ ಮಾತ್ರೆಯಲ್ಲಿದ್ದ ಸ್ಟೀರಾಯ್ಡೂ ಅದೇ ಕೆಲಸ ಮಾಡುತ್ತದಂತೆ; ಅದು ವರ್ಷಗಟ್ಟಲೆ ಹೊರಗಿನಿಂದ ಸಿಕ್ಕಿದರೆ ದೇಹ ಅದನ್ನು ಮಾಡುವುದನ್ನೇ ಬಿಡುತ್ತದಂತೆ. ಒಮ್ಮೆಲೇ ನಿಲ್ಲಿಸಿದರೆ ಒಳಗಿನದ್ದೂ ಇಲ್ಲ, ಹೊರಗಿನದ್ದೂ ಇಲ್ಲ. ಡಾಕ್ಟರ ಕೈಕೆಳಗೆ ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡಬೇಕಿತ್ತಂತೆ.
"ಒಮ್ಮೆಲೇ ಬಿಡಿ ಅಂತ ಯಾರು ಹೇಳಿದ್ದು?" ಅಂದರು.
ಭಾಸ್ಕರಣ್ಣ ನನ್ನ ಕಡೆ ನೋಡಲಿಲ್ಲ. ನೆಲ ನೋಡಿದರು.
ಇಂಜೆಕ್ಷನ್ ಕೊಟ್ಟರು... ತಡವಾಗಿತ್ತು.

ನಿಮ್ಮ ಮನೆಯಲ್ಲಿ ಇಂಥ ಪೊಟ್ಟಣ ತಿನ್ನುವವರಿದ್ದರೆ ನಿಮ್ಮಷ್ಟಕ್ಕೇ ಬಿಡಿಸಬೇಡಿ. ಆ ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.
ಹೇಳಿ ಏನು ಪ್ರಯೋಜನ...
ಇವತ್ತು ಕೊನೆಯ ಸಲ ಮುಖ ನೋಡಲು ಬಂದ ಮೀನಿನ ಹೆಂಗಸರಲ್ಲಿ ಇಬ್ಬರು ಅವಳ ಮನೆಯ ಜಗಲಿಯಲ್ಲೇ ಅದೇ ಪೊಟ್ಟಣ ಬಿಚ್ಚಿ ನುಂಗಿದರು. ನೋವು ತಡೆಯುವುದಿಲ್ಲವಂತೆ. ನನಗೀಗ ಬೇಡ ಅನ್ನಲಿಕ್ಕೂ ಹೆದರಿಕೆ, ತಿನ್ನಿ ಅನ್ನಲಿಕ್ಕೂ ಹೆದರಿಕೆ.

ಹೊರಡುವಾಗ ಅವಳ ಮಗಳು ಅಶ್ವಿನಿ ನನ್ನ ಸೆರಗು ಹಿಡಿದುಕೊಂಡಳು. ಪಿಯುಸಿ ಓದುವ ಹುಡುಗಿ.
"ಲಲಿತತ್ತೆ... ಅಮ್ಮ ಆ ಮಾತ್ರೆ ತಿಂದಿದ್ರೆ ಉಳಿತಿತ್ತಾ?"
"ಎಲ್ಲ ದೈವದ ಇಚ್ಛೆ ಮಗಾ" ಅಂದುಬಿಟ್ಟೆ.
ನಾನು ಮಾಡಿದ್ದನ್ನು ದೈವದ ತಲೆಗೆ ಕಟ್ಟಿ ಬಂದೆ.
ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಅಶ್ವಿನೀ, ನೀನೂ ಈ ಗ್ರೂಪಿನಲ್ಲಿ ಇದ್ದೀಯ, ಓದುತ್ತೀಯ...
ಹೌದು ಮಗಾ. ಉಳಿಯುತ್ತಿದ್ದಳು.

ಹೋಗಿ ಬಾ ಗಿರಿಜಾ...
ನಿನ್ನ ಜೀವಕ್ಕೆ ಶಾಂತಿ ಸಿಗಲಿ.
ನನಗೆ ಸಿಗುವುದು ಬೇಡ.